ಸಂಬಳ ಬಾಕಿ: ಲೇಬರ್ ಆಫೀಸೋ, ಲೇಬರ್ ಕೋರ್ಟೋ, ಆರ್ಬಿಟ್ರೇಷನ್ನೋ?

ಮೂರು ತಿಂಗಳಿಂದ ಸಂಬಳ ಬಂದಿಲ್ಲ, ಎಲ್ಲಿಗೆ ಹೋಗಲಿ? ವಾರಕ್ಕೆ ಒಬ್ಬರಾದರೂ ನನ್ನನ್ನು ಹೀಗೆ ಕೇಳುತ್ತಾರೆ. ದಾರಿ ಗೊತ್ತಿಲ್ಲದೆ ಕೇಳುವವರು ಕಡಿಮೆ. ದಾರಿ ಹೆಚ್ಚಾಗಿ ತಲೆ ಕೆಟ್ಟವರೇ ಜಾಸ್ತಿ. ಜೊತೆಯವರು ಲೇಬರ್ ಆಫೀಸ್ ಅಂದಿರುತ್ತಾರೆ, ಯೂನಿಯನ್ನಿನವರು ಲೇಬರ್ ಕೋರ್ಟ್ ಅಂದಿರುತ್ತಾರೆ, ವಕೀಲಿ ಮಾಡುವ ಭಾವ ಸಿವಿಲ್ ದಾವೆ ಹಾಕೋಣ ಅಂದಿರುತ್ತಾನೆ. ಇದರ ಮೇಲೆ ಎಚ್‌ಆರ್‌ನಿಂದ ಒಂದು ಮೇಲ್: ‘ನಿಮ್ಮ ನೇಮಕಾತಿ ಪತ್ರದ ಪ್ರಕಾರ ಯಾವುದೇ ವಿವಾದ ಆರ್ಬಿಟ್ರೇಷನ್‌ಗೇ ಹೋಗಬೇಕು.’ ಆರ್ಬಿಟ್ರೇಷನ್ ಎಂದರೆ ಕೋರ್ಟಿನ ಬದಲು ಖಾಸಗಿ ಪಂಚರ ಮುಂದೆ ತೀರ್ಮಾನ. ಅಲ್ಲಿಗೆ ಅರ್ಧ ಜನ ಕೈಚೆಲ್ಲಿ ಕೂರುತ್ತಾರೆ.

ನಾನು ವಕೀಲನಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಸಂಬಳದ ಪಟ್ಟಿ ಬರೆದವನು. 2019ರಲ್ಲಿ ಕಾರ್ಖಾನೆ ಕುಂಟತೊಡಗಿದಾಗ ಮೊದಲು ನಿಂತದ್ದು ಆಫೀಸಿನವರ ಸಂಬಳ. ಊರಿಗೆಲ್ಲ ಸಂಬಳದ ಚೀಟಿ ಮಾಡಿಕೊಡುತ್ತಿದ್ದ ನನಗೇ ಮೂರು ತಿಂಗಳು ಚೀಟಿ ಬಂತು, ದುಡ್ಡು ಬರಲಿಲ್ಲ. ತಿಂಗಳಿಗೆ 22,500ರಂತೆ ಒಟ್ಟು 67,500. ಲೇಬರ್ ಆಫೀಸಿನ ಬೆಂಚಿನ ಮೇಲೆ ಕೂತಾಗ ಕಂಪನಿಯ ಕಡೆಯಿಂದ ಬಂದವನು ನನ್ನ ಬಳಿಯೇ ಕೆಲಸ ಕಲಿತ ಹುಡುಗ. ಕಂಕುಳಲ್ಲಿ ನಾನೇ ರಟ್ಟು ಹಾಕಿಸಿದ್ದ ಸಂಬಳದ ರಿಜಿಸ್ಟರು. ‘ಸಾರ್, ಇನ್ನೊಂದು ತಾರೀಖು ಕೊಡಿ’ ಎಂದು ಅಧಿಕಾರಿಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ, ಪಾಪ. ಆಮೇಲೆ ಏನಾಯಿತೆಂದು ಮುಂದೆ ಹೇಳುತ್ತೇನೆ. ಆವತ್ತಿನಿಂದ ಈವರೆಗೆ ಬೇರೆಯವರ ಜೊತೆ ಇಂಥ ಬೆಂಚುಗಳ ಮೇಲೆ ಕೂತು ಕಲಿತದ್ದೇ ಈ ಬರಹ.

ಮೊದಲು ಅಳತೆಗೋಲು

ಎಲ್ಲಿ ಕೇಸು ಹಾಕಿದರೆ ಗೆಲ್ಲುತ್ತೇನೆ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಆದೇಶ ಬಂದ ಮೇಲೂ ಮಾಲೀಕ ಕೊಡದಿದ್ದರೆ ಯಾರು ಹೋಗಿ ವಸೂಲಿ ಮಾಡುತ್ತಾರೆ ಎಂಬುದು ಮೊದಲನೆಯದು. ಆದೇಶ ಸಿಗುವುದು ಬೇರೆ, ದುಡ್ಡು ಸಿಗುವುದು ಬೇರೆ. ನೀವೇ ಲಾಯರಿಟ್ಟು ಆಸ್ತಿ ಹುಡುಕಿ ಜಪ್ತಿಗೆ ಓಡಾಡಬೇಕೋ, ಇಲ್ಲ ಜಿಲ್ಲಾಧಿಕಾರಿ ಕಚೇರಿ ಆ ಕೆಲಸ ಮಾಡುತ್ತದೋ ಎನ್ನುವುದರ ಮೇಲೆ ಆಟವೇ ಬದಲಾಗುತ್ತದೆ.

ಆಮೇಲೆ ಬಾಕಿ ಯಾವ ಬಗೆಯದು ಎಂದು ನೋಡಿ. ತಿಂಗಳ ಸಂಬಳ, ಕಡಿತ, ಓವರ್‌ಟೈಮ್ ಒಂದು ಗುಂಪು. ಗ್ರಾಚ್ಯುಟಿಗೆ ಬೇರೆಯೇ ಅಧಿಕಾರಿ, ಪಿಎಫ್‌ಗೆ ಪಿಎಫ್ ಆಫೀಸು. ಸೇಲ್ಸ್ ಕಮಿಷನ್, ಷೇರು ಆಯ್ಕೆ (ಕಂಪನಿಯ ಷೇರು ಕೊಳ್ಳುವ ಹಕ್ಕು), ಸೇರುವಾಗ ಕೊಡುತ್ತೇವೆಂದ ದೊಡ್ಡ ಬೋನಸ್ ಇವೆಲ್ಲ ಕರಾರಿನ ಲೆಕ್ಕ. ಎಲ್ಲವನ್ನೂ ಒಂದೇ ಅರ್ಜಿಗೆ ತುರುಕಿದರೆ ಗಟ್ಟಿಯಾದ ಬಾಬ್ತೂ ಸಡಿಲ ಬಾಬ್ತಿನ ಜೊತೆ ನೇತಾಡುತ್ತದೆ.

ಮೂರನೆಯದು ಕಾನೂನಿನ ಕಣ್ಣಿಗೆ ನೀವು ಯಾರು ಎಂಬುದು. ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್ ಎಂದಿದ್ದರೆ ಕೆಲವು ಬಾಗಿಲು ಮುಚ್ಚಬಹುದು, ಎಲ್ಲವೂ ಅಲ್ಲ. ಬಾಕಿ ಯಾವ ತಾರೀಖಿನಿಂದ, ನೀವು ಇನ್ನೂ ಕೆಲಸದಲ್ಲಿದ್ದೀರೋ ಬಿಟ್ಟಿದ್ದೀರೋ, ಕೈಯಲ್ಲಿ ಎಷ್ಟು ತಿಂಗಳ ಉಸಿರಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮನೆ ಬಾಡಿಗೆ ಮುಂದಿನ ತಿಂಗಳೇ ಕಟ್ಟಬೇಕಾದವನಿಗೆ ಎರಡು ವರ್ಷದ ನಂತರದ ಪೂರ್ತಿ ಮೊತ್ತಕ್ಕಿಂತ ಎರಡು ತಿಂಗಳೊಳಗಿನ ಮುಕ್ಕಾಲು ಮೊತ್ತವೇ ಮೇಲು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಲೇಬರ್ ಆಫೀಸಿನ ರಾಜಿ

ಎಲ್ಲಕ್ಕಿಂತ ಅಗ್ಗದ ದಾರಿ ಇದೇ. ಬಿಳಿ ಹಾಳೆಯಲ್ಲಿ ಒಂದು ದೂರು, ಜೊತೆಗೆ ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟಿನ ನಕಲು. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಗೊತ್ತಿರುತ್ತದೆ, ಬೇರೆ ಕಡೆ ಜಿಲ್ಲಾ ಕಾರ್ಮಿಕ ಅಧಿಕಾರಿಯ ಕಚೇರಿ. ನಿಮ್ಮ ಜಾಗಕ್ಕೆ ಯಾವ ಅಧಿಕಾರಿ ಎಂದು ತಿಳಿಯದಿದ್ದರೆ ಇಲಾಖೆಯ ಸಹಾಯವಾಣಿ 155214ಕ್ಕೆ ಕೇಳಿ. ಬ್ಯಾಂಕು, ವಿಮೆ, ರೈಲ್ವೆ, ವಿಮಾನಯಾನ, ಗಣಿ ಇಲ್ಲಿನವರು ರಾಜ್ಯದ ಆಫೀಸಿಗೆ ಹೋಗಬಾರದು. ಅವರದು ಕೇಂದ್ರದ ಲೇಬರ್ ಕಮಿಷನರ್ ವ್ಯಾಪ್ತಿ, ಸಮಾಧಾನ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ತಪ್ಪು ಆಫೀಸಿನಲ್ಲಿ ಮೂರು ತಿಂಗಳು ಕಳೆದು ‘ಇದು ನಮ್ಮದಲ್ಲ’ ಎಂಬ ಹಿಂಬರಹ ಪಡೆದವರನ್ನು ಕಂಡಿದ್ದೇನೆ.

ಇಲ್ಲಿ ಅಧಿಕಾರಿ ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ. ಮಾಲೀಕ ಒಪ್ಪದಿದ್ದರೆ ರಾಜಿ ಮಾಡಿಸುವ ಅಧಿಕಾರಿ ಅವನ ಮೇಲೆ ಹಣದ ಆದೇಶ ಹೊರಡಿಸಲಾರರು. ಇದರ ದೌರ್ಬಲ್ಯ ಅದೇ. ಆದರೂ ಸಣ್ಣ ಮಾಲೀಕರಲ್ಲಿ ಬಹಳ ಮಂದಿ ಸರ್ಕಾರಿ ಮೊಹರಿನ ನೋಟಿಸ್ ಬಂದ ಕೂಡಲೇ ಫೋನ್ ಮಾಡುತ್ತಾರೆ. ಲೆಕ್ಕಪತ್ರ ಬಿಚ್ಚಿದರೆ ಕನಿಷ್ಠ ವೇತನ, ಓವರ್‌ಟೈಮ್, ಪಿಎಫ್ ಎಲ್ಲ ಹೊರಬರುತ್ತದೆ ಎಂಬ ಅಳುಕು ಅವರಿಗೂ ಇರುತ್ತದೆ.

ನನ್ನದು ನಾಲ್ಕನೇ ಸಲ ಕರೆದ ತಾರೀಖಿಗೆ ಇತ್ಯರ್ಥವಾಯಿತು: ಮುಂದಿನ ದಿನಾಂಕದ ಎರಡು ಚೆಕ್ಕು, 40,000 ಮತ್ತು 27,500. ಚೆಕ್ಕಿನ ಜೊತೆ ಕಂಪನಿಯವರು ಒಂದು ಹಾಳೆಯನ್ನೂ ಚಾಚಿದರು: ‘ನನ್ನ ಎಲ್ಲಾ ಬಾಬ್ತು ಪೂರ್ತಿಯಾಗಿ ಮುಟ್ಟಿದೆ, ಇನ್ನು ಯಾವ ತಕರಾರೂ ಇಲ್ಲ.’ ಹನ್ನೊಂದು ವರ್ಷ ಅದೇ ಹಾಳೆಗೆ ಬೇರೆಯವರ ಸಹಿ ಹಾಕಿಸಿದವನು ನಾನು. ‘ಎರಡೂ ಚೆಕ್ಕು ನಗದಾದ ಮೇಲೆ’ ಎಂಬ ಮಾತು ಸೇರಿಸದೆ ಸಹಿ ಹಾಕಲಿಲ್ಲ. ಮೊದಲ ಚೆಕ್ಕು ಪಾಸಾಯಿತು, ಎರಡನೆಯದು ಖಾತೆಯಲ್ಲಿ ಹಣವಿಲ್ಲ ಎಂದು ವಾಪಸ್ ಬಂತು. ಆದರೆ ಬೌನ್ಸಾದ ಚೆಕ್ಕು ಒಂದು ಹೊಸ ಅಸ್ತ್ರ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ 15 ದಿನದಲ್ಲಿ ಹಣ ಬರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಬರೀ ಸಂಬಳ ಬಾಕಿಗೆ ಜೈಲಿನ ಮಾತು ಬರುವುದು ಅಪರೂಪ, ಚೆಕ್ಕಿಗೆ ಬರುತ್ತದೆ. ನೋಟಿಸ್ ಮುಟ್ಟಿದ ಹದಿಮೂರನೇ ದಿನ 27,500 ನನ್ನ ಖಾತೆಗೆ ಬಿತ್ತು.

ರಾಜಿಗೆ ಒಪ್ಪುವುದಾದರೆ ಅಧಿಕಾರಿಯ ಎದುರೇ ಬರಹದಲ್ಲಿ ಆಗಲಿ, ಮೊತ್ತ ಮತ್ತು ತಾರೀಖು ಅಂಕಿಯಲ್ಲಿರಲಿ. ಕ್ಯಾಂಟೀನಿನಲ್ಲಿ ಕಾಫಿ ಕುಡಿಸಿ ‘ನೋಡ್ಕೋತೀವಿ ಬಿಡಿ’ ಅಂದದ್ದು ಯಾವ ಕಡತದಲ್ಲೂ ಇರುವುದಿಲ್ಲ.

ವೇತನ ಸಂಹಿತೆಯ ಅರ್ಜಿ

ಮೊದಲು ಇದಕ್ಕೆ 1936ರ ವೇತನ ಪಾವತಿ ಕಾಯ್ದೆ ಇತ್ತು. ತಿಂಗಳಿಗೆ 24,000 ರೂಪಾಯಿಗಿಂತ ಹೆಚ್ಚು ಸಂಬಳದವರಿಗೆ ಆ ಬಾಗಿಲು ಮುಚ್ಚಿತ್ತು, ಅರ್ಜಿಗೆ 12 ತಿಂಗಳ ಗಡುವು. 2025ರ ನವೆಂಬರ್ 21ರಿಂದ ವೇತನ ಸಂಹಿತೆ (ಕೋಡ್ ಆನ್ ವೇಜಸ್) ಎಂಬ ಹೊಸ ಕೇಂದ್ರ ಕಾನೂನು ಜಾರಿಗೆ ಬಂದು ಚಿತ್ರವೇ ಬದಲಾಗಿದೆ. ಸಂಬಳ ಪಾವತಿಯ ನಿಯಮಕ್ಕೆ ಈಗ ಸಂಬಳದ ಮಿತಿಯಿಲ್ಲ, ಮೇಲ್ವಿಚಾರಕ, ಮ್ಯಾನೇಜರ್ ಕೂಡ ‘ಉದ್ಯೋಗಿ’ಯೇ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ. ‘ನಮ್ಮ ಫುಲ್ ಅಂಡ್ ಫೈನಲ್‌ಗೆ 45 ದಿನ ಬೇಕು’ ಎನ್ನುವ ಎಚ್‌ಆರ್‌ಗೆ ಇದನ್ನು ಮೇಲ್‌ನಲ್ಲಿ ನೆನಪಿಸಿ.

ಕೊಡಲಿಲ್ಲವೆಂದರೆ ಸಂಹಿತೆಯಡಿ ನೇಮಿಸಿದ ಗೆಜೆಟೆಡ್ ಅಧಿಕಾರಿಯ ಮುಂದೆ ಅರ್ಜಿ. ಗಡುವು ಮೂರು ವರ್ಷ, ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಆಮೇಲೂ ತೆಗೆದುಕೊಳ್ಳಬಹುದು. ನೀವೇ ಹಾಕಬಹುದು, ನಿಮ್ಮ ಯೂನಿಯನ್ ಹಾಕಬಹುದು, ಎಷ್ಟೇ ಜನರಿದ್ದರೂ ಎಲ್ಲರ ಪರವಾಗಿ ಒಂದೇ ಅರ್ಜಿ ನಡೆಯುತ್ತದೆ. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಸಂಹಿತೆ ಹೇಳುತ್ತದೆ. ಪ್ರಯತ್ನಿಸಬೇಕು ಎಂಬ ಪದವನ್ನು ಗಮನಿಸಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂರಬೇಡಿ.

ಈ ದಾರಿಯಲ್ಲಿ ನನಗೆ ಹಿಡಿಸಿದ ಸಂಗತಿ ಮೂರು. ಒಂದು, ಸಂಬಳ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊರೆ ಮಾಲೀಕನ ಮೇಲೆ. ಸಂಬಳದ ರಿಜಿಸ್ಟರು ಬರೆದ ಕೈ ಹೇಳುತ್ತಿದೆ, ಇದು ಸಣ್ಣ ಮಾತಲ್ಲ. ದಾಖಲೆ ಇರುವುದೆಲ್ಲ ಅವರ ಬೀರುವಿನಲ್ಲೇ. ಎರಡು, ಬಾಕಿಯ ಜೊತೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಹತ್ತು ಪಟ್ಟು ಸಿಕ್ಕೇಬಿಡುತ್ತದೆ ಎಂದು ಸಾಲ ಮಾಡಬೇಡಿ, ಅದು ಮೇಲ್ಮಿತಿ. ರಾಜಿಯ ಮೇಜಿನಲ್ಲಿ ಆ ಅಂಕಿ ಕೂತಿದ್ದರೆ ಸಾಕು, ಮಾಲೀಕನ ದನಿ ತಗ್ಗುತ್ತದೆ. ಮೂರು, ಕೊಡದಿದ್ದರೆ ಅಧಿಕಾರಿ ವಸೂಲಿ ಪ್ರಮಾಣಪತ್ರ ಬರೆದು ಸಂಸ್ಥೆಯಿರುವ ಜಿಲ್ಲೆಯ ಜಿಲ್ಲಾಧಿಕಾರಿಗೆ ಕಳಿಸುತ್ತಾರೆ, ಅಲ್ಲಿ ಭೂಕಂದಾಯದ ಬಾಕಿಯಂತೆ ವಸೂಲಿ. ಆಸ್ತಿ ಹುಡುಕುವ ಜವಾಬ್ದಾರಿ ನಿಮ್ಮ ತಲೆಯಿಂದ ಇಳಿಯಿತು. ತಹಶೀಲ್ದಾರ್ ಕಚೇರಿಯಲ್ಲಿ ಕಡತ ಮೇಲೇಳಬೇಕಾದರೆ ವಾರಕ್ಕೊಮ್ಮೆ ಮುಖ ತೋರಿಸಬೇಕಾಗುತ್ತದೆ ಎಂಬುದು ಬೇರೆ ಮಾತು.

ತೊಂದರೆಯೂ ಇದೆ. ಆದೇಶದ ಮೇಲೆ 90 ದಿನದೊಳಗೆ ಮೇಲ್ಮನವಿ ಹೋಗಬಹುದು. 2025ರ ನವೆಂಬರ್ 21ಕ್ಕೆ ಹಿಂದಿನ ಬಾಕಿಯಾದರೆ ಹಳೆಯ ಕಾಯ್ದೆಯ 12 ತಿಂಗಳು, 24,000ದ ಗೆರೆಯನ್ನು ಎದುರು ಪಕ್ಷದ ವಕೀಲರು ಎತ್ತಿಯೇ ಎತ್ತುತ್ತಾರೆ. ಹಾಗಾಗಿ ಹಳೆಯ ಬಾಕಿ, ಹೊಸ ಬಾಕಿಯನ್ನು ತಿಂಗಳುವಾರು ಬೇರೆ ಮಾಡಿ ಬರೆಯಿರಿ. ಕಮಿಷನ್, ಗ್ರಾಚ್ಯುಟಿ, ರಿಟ್ರೆಂಚ್‌ಮೆಂಟ್ ಪರಿಹಾರ (ಕೆಲಸದಿಂದ ತೆಗೆದಾಗ ಕೊಡುವ ಹಣ) ಸಂಹಿತೆಯ ‘ವೇತನ’ದ ವ್ಯಾಖ್ಯೆಯಿಂದ ಹೊರಗೆ. ಮೂಲ ಸಂಬಳ 18,000, ಉಳಿದದ್ದೆಲ್ಲ ಕಮಿಷನ್ ಎಂಬಂಥ ಸೇಲ್ಸ್ ಹುಡುಗರಿಗೆ ಈ ಬಾಗಿಲಿನಲ್ಲಿ 18,000 ಮಾತ್ರ ಸಲೀಸಾಗಿ ತೂರುತ್ತದೆ.

ಒಟ್ಟಾಗಿ ಹೋಗುವುದರ ಬಲಕ್ಕೆ ನಮ್ಮ ಗಾರ್ಮೆಂಟ್ ಕಾರ್ಖಾನೆಗಳನ್ನೇ ನೋಡಿ. 2020ರಲ್ಲಿ ತಡೆಹಿಡಿದ ತುಟ್ಟಿಭತ್ಯೆ ತಲೆಗೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಒಬ್ಬಳೇ ಹೆಣ್ಣುಮಗಳು ಆ 417ಕ್ಕೆ ಕೋರ್ಟು ಹತ್ತಿದ್ದರೆ ಬಸ್ ಚಾರ್ಜಿಗೇ ಸಾಲುತ್ತಿರಲಿಲ್ಲ. ಯೂನಿಯನ್ನುಗಳು ಹೈಕೋರ್ಟಿನವರೆಗೆ ಎಳೆದ ಮೇಲೆ ಬಾಕಿ ಕೈಗೆ ಬಂತು.

ಆರ್ಬಿಟ್ರೇಷನ್: ಹೆದರಿಸುವ ಕಲಮು

ಊರಿನ ಕಟ್ಟೆಯ ಮೇಲೆ ಇಬ್ಬರೂ ಒಪ್ಪಿದ ಹಿರಿಯರನ್ನು ಕೂರಿಸಿ ನ್ಯಾಯ ಹೇಳಿಸುವುದು ನಮಗೆ ಹೊಸದೇನಲ್ಲ. ಆರ್ಬಿಟ್ರೇಷನ್ನಿನ ತಿರುಳೂ ಅದೇ. ಒಂದು ವ್ಯತ್ಯಾಸ: ನೇಮಕಾತಿ ಪತ್ರದಲ್ಲಿ ಆ ಹಿರಿಯರನ್ನು ಕಂಪನಿಯೇ ಆರಿಸುತ್ತದೆ, ಕಟ್ಟೆ ಗುರುಗ್ರಾಮದಲ್ಲಿರುತ್ತದೆ, ಶುಲ್ಕದಲ್ಲಿ ಅರ್ಧ ನಿಮ್ಮದು ಎಂದಿರುತ್ತದೆ. ಮಾರತ್‌ಹಳ್ಳಿಯಲ್ಲಿ ಕೂತು ಎರಡು ತಿಂಗಳ ಸಂಬಳಕ್ಕೆ ಪರದಾಡುವವನು ಇದನ್ನು ಓದಿದರೆ ಎದೆ ಒಡೆಯದೆ ಏನಾದೀತು?

ಆದರೆ ಸಂಬಳ ಬಾಕಿಯ ಮಟ್ಟಿಗೆ ಆ ಕಲಮಿಗೆ ಅಷ್ಟು ಹಲ್ಲಿಲ್ಲ. 2024ರ ಡಿಸೆಂಬರ್‌ನಲ್ಲಿ ಹುಂಡೈ ಆಟೋಎವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿತು. ಉದ್ಯೋಗಿ ಸಂಬಳಕ್ಕಾಗಿ ವೇತನ ಪಾವತಿ ಕಾಯ್ದೆಯ ಪ್ರಾಧಿಕಾರಕ್ಕೆ ಹೋಗಿದ್ದ, ಕೆಲಸದಿಂದ ತೆಗೆದದ್ದನ್ನೂ ಪ್ರಶ್ನಿಸಿದ್ದ. ಕಂಪನಿ ಕರಾರಿನ ಕಲಮು ಹಿಡಿದು ಮದ್ರಾಸ್ ಹೈಕೋರ್ಟಿನಿಂದ ಆರ್ಬಿಟ್ರೇಟರ್ ನೇಮಿಸಿಕೊಂಡಿತ್ತು. ಸಂಬಳ ಕೊಡದ ವಿವಾದವನ್ನು ಕಾಯ್ದೆ ಹೇಳಿದ ಪ್ರಾಧಿಕಾರವೇ ನೋಡಬೇಕು, ಅದು ಆರ್ಬಿಟ್ರೇಷನ್ನಿಗೆ ಹೋಗುವಂಥದ್ದಲ್ಲ ಎಂದು ಸುಪ್ರೀಂ ಕೋರ್ಟ್ ಆ ನೇಮಕವನ್ನು ತಳ್ಳಿಹಾಕಿ ಕಂಪನಿಗೆ 5 ಲಕ್ಷ ರೂಪಾಯಿ ದಂಡಖರ್ಚು ಹಾಕಿತು. ಆ ತೀರ್ಪು ಹಳೆಯ ಕಾಯ್ದೆಯ ಮೇಲಿನದು ನಿಜ, ಹೊಸ ಸಂಹಿತೆಯಲ್ಲೂ ಪ್ರಾಧಿಕಾರದ ಏರ್ಪಾಡು ಹಾಗೇ ಇರುವುದರಿಂದ ಅದರ ತರ್ಕ ಇಲ್ಲಿಗೂ ಹೊಂದುತ್ತದೆ ಎಂದೇ ನನ್ನ ತಿಳಿವಳಿಕೆ.

ಅದಕ್ಕೂ ಮೊದಲು, 2012ರಲ್ಲಿ, ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿಯಿದ್ದ ಕಿಂಗ್‌ಫಿಶರ್ ಏರ್‌ಲೈನ್ಸ್‌ನ ಪೈಲಟ್‌ಗಳು ಸಂಬಳಕ್ಕಾಗಿ ಲೇಬರ್ ಕೋರ್ಟಿಗೆ ಹೋದಾಗಲೂ ಕಂಪನಿ ಇದೇ ಕಲಮು ತೋರಿಸಿತ್ತು, ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಮಾನಗಳ ಹಾರಾಟವೇ ನಿಂತಿತ್ತು. ಯಾವ ಬಾಗಿಲು ಎಂಬ ವಾದ ಗೆದ್ದದ್ದಾಯಿತು, ಕೊಡಬೇಕಾದ ಕಂಪನಿಯೇ ನೆಲಕಚ್ಚಿತ್ತು. ವಸೂಲಿಯ ಪ್ರಶ್ನೆ ಮೊದಲು ಕೇಳಿ ಎಂದು ಮೇಲೆ ಬರೆದದ್ದು ಇಂಥದ್ದಕ್ಕೇ.

ಖರ್ಚು ನೋಡೋಣ. ಆರ್ಬಿಟ್ರೇಷನ್ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಮಾದರಿ ಶುಲ್ಕದ ಪಟ್ಟಿ ಇದೆ. 5 ಲಕ್ಷದವರೆಗಿನ ವಿವಾದಕ್ಕೆ 45,000 ರೂಪಾಯಿ. ನಿಮ್ಮ ಬಾಕಿ 1,14,000 ಎಂದಿಟ್ಟುಕೊಳ್ಳಿ, ತಿಂಗಳಿಗೆ 32,000ರಂತೆ ಮೂರು ತಿಂಗಳ ಸಂಬಳ ಮತ್ತು ರಜೆಯ ಹಣ 18,000. ಶುಲ್ಕದ ಅರ್ಧ ನಿಮ್ಮ ಪಾಲಿಗೆ ಬಂದರೂ 22,500, ಅದರ ಮೇಲೆ ವಕೀಲರು, ಓಡಾಟ. ವಾದಪತ್ರಗಳಿಗೆ ಆರು ತಿಂಗಳು, ಅಲ್ಲಿಂದ ತೀರ್ಪಿಗೆ 12 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನಾರು. ತೀರ್ಪಿನ ಮೇಲೆ ಕೋರ್ಟಿನಲ್ಲಿ ತಕರಾರು ಎತ್ತಲು ಮೂರು ತಿಂಗಳ ಅವಕಾಶ. ಕೊನೆಗೆ ವಸೂಲಿಗೆ ಮತ್ತೆ ಸಿವಿಲ್ ಕೋರ್ಟಿಗೇ ಹೋಗಬೇಕು, ಜಿಲ್ಲಾಧಿಕಾರಿ ಬರುವುದಿಲ್ಲ. 1,14,000ಕ್ಕೆ ಇಷ್ಟು ದೊಡ್ಡ ರಥ ಎಳೆಯುವುದು ಲೆಕ್ಕಕ್ಕೆ ಕೂರುವುದಿಲ್ಲ.

ಹಾಗೆಂದು ಆರ್ಬಿಟ್ರೇಷನ್ ಕೆಟ್ಟದ್ದು ಎನ್ನಲಾರೆ. ವರ್ಷಕ್ಕೆ 40 ಲಕ್ಷ ಪಡೆಯುವ ಉಪಾಧ್ಯಕ್ಷರೊಬ್ಬರ ರಿಟೆನ್ಷನ್ ಬೋನಸ್ಸು (ಕಂಪನಿ ಬಿಡದೆ ಉಳಿದದ್ದಕ್ಕೆ ಕೊಡುವುದು), ಷೇರು ಆಯ್ಕೆ, ನೋಟಿಸ್ ಅವಧಿಯ ತಗಾದೆಗೆ ಅದು ಸಿವಿಲ್ ಕೋರ್ಟಿಗಿಂತ ಚುರುಕು, ಮುಚ್ಚಿದ ಬಾಗಿಲೊಳಗೆ ಮುಗಿಯುವುದರಿಂದ ಮುಂದಿನ ಕೆಲಸ ಹುಡುಕುವಾಗ ಹೆಸರು ಬೀದಿಗೆ ಬರುವುದಿಲ್ಲ. ಕಂಪನಿಗೂ ಗುಟ್ಟು ಬೇಕಾಗಿರುವುದರಿಂದ ಒಳ್ಳೆಯ ಮೊತ್ತಕ್ಕೆ ರಾಜಿಯಾಗುವುದೂ ಉಂಟು. ಅಂಥವರೂ ಒಂದನ್ನು ಗಟ್ಟಿಯಾಗಿ ಹಿಡಿಯಲಿ: ಆರ್ಬಿಟ್ರೇಟರನ್ನು ಕಂಪನಿ ಒಬ್ಬರೇ ಆರಿಸುವಂತಿಲ್ಲ. ಕಂಪನಿಯ ನೌಕರನೋ ಸಲಹೆಗಾರನೋ ಆ ಕುರ್ಚಿಯಲ್ಲಿ ಕೂರುವಂತಿಲ್ಲ ಎಂದು 2015ರ ತಿದ್ದುಪಡಿ ಹೇಳಿತು. ವಿವಾದದ ಫಲದಲ್ಲಿ ಆಸಕ್ತಿಯಿರುವವರು ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು.

ಕಂಪನಿಯಿಂದ ಆರ್ಬಿಟ್ರೇಷನ್ ನೋಟಿಸ್ ಬಂದರೆ ಮೂಲೆಗೆ ಎಸೆಯಬೇಡಿ. ಇದು ಸಂಬಳದ ವಿವಾದ, ನಾನು ಪ್ರಾಧಿಕಾರದ ಮುಂದಿದ್ದೇನೆ, ನಿಮ್ಮ ಆರ್ಬಿಟ್ರೇಟರಿಗೆ ನನ್ನ ಒಪ್ಪಿಗೆಯಿಲ್ಲ ಎಂದು 30 ದಿನದೊಳಗೆ ಬರಹದಲ್ಲಿ ಉತ್ತರಿಸಿ. ಸುಮ್ಮನಿದ್ದರೆ ನಿಮ್ಮ ಗೈರಿನಲ್ಲೇ ನಡೆದುಹೋಗುತ್ತದೆ.

ಕೈಗಾರಿಕಾ ಕಾನೂನಿನೊಳಗೆ ಇನ್ನೊಂದು ಬಗೆಯ ಪಂಚಾಯ್ತಿಕೆಯೂ ಇದೆ. ವಿವಾದ ಎದ್ದ ಮೇಲೆ ಮಾಲೀಕರು, ಕಾರ್ಮಿಕರು ಇಬ್ಬರೂ ಬರಹದಲ್ಲಿ ಒಪ್ಪಿ ಪಂಚರನ್ನು ಆರಿಸುವುದು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿದೆ. ಗಟ್ಟಿ ಯೂನಿಯನ್ ಇರುವ ಕಾರ್ಖಾನೆಯಲ್ಲಿ ವೇತನ ಒಪ್ಪಂದದ ಅರ್ಥ ಏನು ಎಂಬಂಥ ಜಗಳಕ್ಕೆ ಚೆನ್ನಾಗಿ ಒದಗುತ್ತದೆ. ಒಂಟಿ ನೌಕರನಿಗೆ ಇದರಿಂದ ಉಪಯೋಗ ಕಡಿಮೆ.

ಲೇಬರ್ ಕೋರ್ಟು

ಸಂಬಳದ ಜೊತೆ ಕೆಲಸವೂ ಹೋಗಿದ್ದರೆ, ಆ ಕೆಲಸ ವಾಪಸ್ ಬೇಕೆಂದಿದ್ದರೆ ಇದೇ ದಾರಿ. ಮೊದಲು ರಾಜಿ ಅಧಿಕಾರಿಯ ಮುಂದೆ, ಅಲ್ಲಿ ಮುರಿದು ಬಿದ್ದರೆ ಕೋರ್ಟು. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ವಿವಾದ ಎದ್ದು ಎರಡು ವರ್ಷ ದಾಟಿದ ಮೇಲೆ ರಾಜಿ ಅಧಿಕಾರಿ ಅದನ್ನು ನಡೆಸುವಂತಿಲ್ಲ. ಲೇಬರ್ ಕೋರ್ಟುಗಳ ಜಾಗಕ್ಕೆ ಕೈಗಾರಿಕಾ ಟ್ರಿಬ್ಯೂನಲ್ ಬರಬೇಕು, ಅವು ರಚನೆಯಾಗುವವರೆಗೆ ಹಳೆಯ ಕೋರ್ಟುಗಳೇ ನಡೆಸುತ್ತವೆ.

ಇಲ್ಲಿ ‘ಕಾರ್ಮಿಕ’ ಎನ್ನಿಸಿಕೊಳ್ಳಬೇಕು. ಮ್ಯಾನೇಜರ್‌ಗಳು ಹೊರಗೆ, ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರೂ ಹೊರಗೆ. ಕೋರ್ಟು ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುತ್ತಿದ್ದ ಕೆಲಸವನ್ನು. ಟೀಮ್ ಲೀಡ್ ಎಂದು ಕರೆಸಿಕೊಂಡು ದಿನವಿಡೀ ಕೋಡ್ ಬರೆಯುತ್ತಿದ್ದವರಿಗೆ, ಯಾರ ರಜೆಯನ್ನೂ ಮಂಜೂರು ಮಾಡದವರಿಗೆ ವಾದ ಉಳಿದಿರುತ್ತದೆ. ಆದರೆ ಆ ವಾದಕ್ಕೇ ಒಂದು ವರ್ಷ ಹೋಗಬಹುದು.

ಈಗಾಗಲೇ ಇತ್ಯರ್ಥವಾದ ಹಕ್ಕಿನ ಹಣವನ್ನು ಲೆಕ್ಕ ಹಾಕಿಕೊಡಿ ಎಂಬ ಅರ್ಜಿಯೂ ಇಲ್ಲಿ ಹೋಗುತ್ತದೆ. ಹಳೆಯ ಒಪ್ಪಂದ, ತೀರ್ಪು ಕೈಯಲ್ಲಿದ್ದರೆ ಬಹಳ ಒಳ್ಳೆಯದು. ಹಕ್ಕೇ ಇದೆಯೋ ಇಲ್ಲವೋ ಎಂಬ ಜಗಳವಿದ್ದರೆ ಈ ಅರ್ಜಿ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಖರ್ಚು ಕಡಿಮೆ, ಸಮಯ ಹೆಚ್ಚು. ಮೂರು ತಿಂಗಳ ಸಂಬಳಕ್ಕಷ್ಟೇ ಇಲ್ಲಿಗೆ ಬರುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಉಳಿದವು, ಚುಟುಕಾಗಿ

ಸಿವಿಲ್ ಕೋರ್ಟಿಗೆ ಗಡುವು ಮೂರು ವರ್ಷ. ಮೇಲಿನ 1,14,000ಕ್ಕೆ ಕರ್ನಾಟಕದಲ್ಲಿ ಕೋರ್ಟ್ ಶುಲ್ಕವೇ ಏಳೂವರೆ ಸಾವಿರದ ಆಸುಪಾಸು, ವಕೀಲರ ಫೀಜು ಬೇರೆ. ಸಂಹಿತೆಯಡಿ ಸಿಗಬಹುದಾದ ಕಡಿತ, ಕನಿಷ್ಠ ವೇತನದಂಥ ಬಾಬ್ತಿಗೆ ಸಿವಿಲ್ ದಾವೆ ನಡೆಯುವುದೂ ಇಲ್ಲ. ಕಮಿಷನ್, ಕರಾರಿನ ಬೋನಸ್‌ನಂಥವಕ್ಕೆ, ಅದೂ ಆರ್ಬಿಟ್ರೇಷನ್ ಕಲಮು ಇಲ್ಲದಿದ್ದರೆ, ಇದನ್ನು ಇಟ್ಟುಕೊಳ್ಳಿ.

ಲೋಕ ಅದಾಲತ್ ಬಗ್ಗೆ ಜನ ಮರೆಯುತ್ತಾರೆ. ಕೇಸು ಹಾಕುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯ ಬೆಲೆ, ಮೇಲ್ಮನವಿಯೂ ಇಲ್ಲ. ಅಂದರೆ ದುಡುಕಿ ಕಡಿಮೆಗೆ ಒಪ್ಪಿದರೆ ಆಮೇಲೆ ಕೈ ಹಿಸುಕಿಕೊಳ್ಳಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ, ಅದಕ್ಕೆ ಸಹಾಯವಾಣಿ 15100.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಮೇಲಿನ ಬಾಗಿಲುಗಳೆಲ್ಲ ತಾತ್ಕಾಲಿಕವಾಗಿ ಮುಚ್ಚುತ್ತವೆ. ಆಗ ಕಂಪನಿಯನ್ನು ನೋಡಿಕೊಳ್ಳಲು ನೇಮಕವಾದ ರೆಸಲ್ಯೂಷನ್ ಪ್ರೊಫೆಷನಲ್‌ಗೆ ಗಡುವಿನೊಳಗೆ ಕ್ಲೇಮು ಸಲ್ಲಿಸಬೇಕು, ನೌಕರರಿಗೆ ಅದು ಫಾರ್ಮ್ ಡಿ. ಆಸ್ತಿ ಮಾರಿದರೆ ಕಾರ್ಮಿಕರ 24 ತಿಂಗಳ ಬಾಕಿ ಅಡಮಾನದ ಮೇಲೆ ಸಾಲ ಕೊಟ್ಟವರ ಸಮಕ್ಕೆ ನಿಲ್ಲುತ್ತದೆ, ಉಳಿದ ನೌಕರರ 12 ತಿಂಗಳ ಬಾಕಿ ಅದರ ಕೆಳಗೆ. ನೀವೇ ಕಂಪನಿಯನ್ನು ಅಲ್ಲಿಗೆ ಎಳೆಯಬೇಕೆಂದರೆ ಬಾಕಿ 1 ಕೋಟಿ ಇರಬೇಕು. 2020ರ ಮಾರ್ಚ್‌ವರೆಗೆ 1 ಲಕ್ಷ ಸಾಕಿತ್ತು. ಲೀಗಲ್ ನೋಟಿಸಿನಲ್ಲಿ ಇವತ್ತಿಗೂ ‘ದಿವಾಳಿ ಅರ್ಜಿ ಹಾಕುತ್ತೇವೆ’ ಎಂದು ಬರೆಯುವ ವಕೀಲರಿದ್ದಾರೆ, ಕಂಪನಿಯವರು ಓದಿ ನಗುತ್ತಾರೆ.

ಪೊಲೀಸ್ ಠಾಣೆ, ಗ್ರಾಹಕ ನ್ಯಾಯಾಲಯ ಎರಡೂ ಇದಕ್ಕಲ್ಲ.

ಯಾರಿಗೆ ಯಾವುದು

ಹೋಟೆಲು, ಗಾರ್ಮೆಂಟ್, ಸಣ್ಣ ಕಾರ್ಖಾನೆಯವರು, ಸಂಬಳ 12ರಿಂದ 25 ಸಾವಿರ, ಮಾಲೀಕ ಕಣ್ಣೆದುರು ಇದ್ದಾನೆ: ಮೊದಲು ರಾಜಿ, ಎರಡು ತಾರೀಖಿನಲ್ಲಿ ಆಗದಿದ್ದರೆ ಸಂಹಿತೆಯ ಅರ್ಜಿ. ನಾಲ್ಕು ಜನರಿದ್ದರೆ ಮೊದಲೇ ಒಟ್ಟಾಗಿ. ರಾಜಿ ನಡೆಯುತ್ತಿದೆ ಎಂದು ಗಡುವು ಮರೆಯಬೇಡಿ.

ಐಟಿ ಕಂಪನಿ, ಸಂಬಳ 68,000, ಆರ್ಬಿಟ್ರೇಷನ್ ಕಲಮು ಇದೆ, ಕಂಪನಿ ಚೆನ್ನಾಗಿಯೇ ನಡೆಯುತ್ತಿದೆ: ನೇರ ಸಂಹಿತೆಯ ಅರ್ಜಿ. ನವೆಂಬರ್ 2025ರ ನಂತರದ ಬಾಕಿಯಾದರೆ ಯೋಚಿಸುವುದೇ ಬೇಡ. ಷೇರಿನ ಲೆಕ್ಕ ಇದ್ದರೆ ಅದನ್ನು ಬೇರೆ ಮಾಡಿ ಆರ್ಬಿಟ್ರೇಷನ್‌ಗೆ ಬಿಡಿ. ಸ್ಟಾರ್ಟಪ್ಪಿನ ಬಾಗಿಲು ಮುಚ್ಚುವ ಸೂಚನೆಯಿದ್ದರೆ ಮಾತ್ರ ಸಿಕ್ಕಷ್ಟಕ್ಕೆ ಬೇಗ ರಾಜಿಯಾಗಿ, ಖಾತೆಯಲ್ಲಿ ದುಡ್ಡಿರುವಾಗಲೇ.

ಏಜೆನ್ಸಿ ಮೂಲಕ ಬಂದ ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರು: ಏಜೆನ್ಸಿಯ ಫೋನು ಸ್ವಿಚ್ ಆಫ್ ಆದರೂ ನೀವು ಕಾವಲು ನಿಂತ ಕಟ್ಟಡ ಎಲ್ಲೂ ಓಡಿಹೋಗುವುದಿಲ್ಲ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕೆಂಬ ನಿಯಮ ಹಳೆಯ ಗುತ್ತಿಗೆ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಗೇಟಿನ ರಿಜಿಸ್ಟರಿನಲ್ಲಿ ನಿಮ್ಮ ಸಹಿ ಇರುವ ಪುಟದ ಫೋಟೊ ಇವತ್ತೇ ತೆಗೆದಿಟ್ಟುಕೊಳ್ಳಿ.

ಇನ್ನೂ ಕೆಲಸದಲ್ಲಿರುವವರಿಗೆ ಇದು ಕಷ್ಟದ ತೀರ್ಮಾನ, ನಾನು ಸುಲಭ ಎನ್ನಲಾರೆ. ಯೂನಿಯನ್ ಇದ್ದರೆ ಅದರ ಹೆಸರಿನಲ್ಲೇ ಅರ್ಜಿ ಹೋಗಲಿ. ಇಲ್ಲದಿದ್ದರೆ ಅರ್ಜಿಗೂ ಮುಂಚೆ ಸಂಬಳ ಕೇಳಿ ಒಂದು ಮೇಲ್ ಕಳಿಸಿ: ಯಾವ ತಿಂಗಳು, ಎಷ್ಟು ರೂಪಾಯಿ, ಅಷ್ಟೇ ಸಾಕು, ಬೈಗುಳ ಬೇಡ. ಕಂಪನಿಯ ಐಡಿಯಿಂದ ಕಳಿಸಿದರೂ ಒಂದು ಪ್ರತಿ ನಿಮ್ಮ ಸ್ವಂತ ಐಡಿಗೆ ಬರುವಂತೆ ನೋಡಿಕೊಳ್ಳಿ. ಕೆಲಸ ಹೋದ ದಿನ ಮೊದಲು ಮುಚ್ಚುವುದು ಆ ಇನ್‌ಬಾಕ್ಸನ್ನೇ. ನನ್ನದನ್ನು ಮಧ್ಯಾಹ್ನದ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮುಚ್ಚಿದ್ದರು.